ಬಳುಕಿನ ಲೆಕ್ಕ

ಬ್ಯಾಂಕ್ಸ್‌ಟೌನಿನ ವಿಮಾನದಂಗಳ. ಹ್ಯಾಂಗರಿನ ತಗಡು ಕಾದು
ಟಿಕ್ ಟಿಕ್ ಎನ್ನುವ ಫೆಬ್ರವರಿ ಮಧ್ಯಾಹ್ನ.
ಹೊಲಕ್ಕೆ ಮದ್ದು ಚೆಲ್ಲುವ ಹಳದಿ ವಿಮಾನ
ಒಂದು ರೆಕ್ಕೆ ಕಳಚಿಟ್ಟು ನಿಂತಿದೆ.
ಒಳಗಿನ ತೊಲೆಯಲ್ಲಿ ಉಗುರುದ್ದ ಬಿರುಕಿತ್ತು,
ಮುಲ್ಕಾಹಿ ಅಷ್ಟನ್ನೂ ಕತ್ತರಿಸಿ ತೆಗೆದಿದ್ದಾನೆ.
ಈಗ ಐದು ಮಿಲಿಮೀಟರಿನ ಅಲ್ಯೂಮಿನಿಯಂ ಮೇಲೆ
ಮೂರರ ಉಕ್ಕಿನ ಪಟ್ಟಿ,
ಖಾಲಿಯ ಈಚೆಗೆ ಐದು ಬೋಲ್ಟು, ಆಚೆಗೆ ಐದು.
ಯಾವ ಬೋಲ್ಟಿಗೆ ಎಷ್ಟು ಹೊರೆ?
ಇಷ್ಟೇ ಪ್ರಶ್ನೆ. ನನಗೆ ಸಂಬಳ ಇದಕ್ಕೇ.

ಸೋಮವಾರ ಅವಸರವಿತ್ತು. ಬೋಲ್ಟು ಬಾಗುವುದೇ ಇಲ್ಲ
ಎಂದುಕೊಂಡು ಲೆಕ್ಕ ಹಾಕಿದೆ.
ಕಂಪ್ಯೂಟರ್ ನಂಬಿತು. ಹೊರಗಿನ ತುದಿಯವನಿಗೆ ಅರವತ್ತಮೂರು ಪಾಲು,
ಖಾಲಿಯ ಅಂಚಿನವನಿಗೆ ಮೂವತ್ತೇಳು,
ನಡುವಿನ ಮೂವರಿಗೆ ಸೊನ್ನೆ, ಸೊನ್ನೆ, ಸೊನ್ನೆ.
ಕೆಂಪಗೆ ಹೊಳೆಯುತ್ತಿದ್ದ ಆ ತುದಿಯ ಬೋಲ್ಟನ್ನು
ಊಟದ ಹೊತ್ತು ಮುಗಿದರೂ ನೋಡುತ್ತ ಕೂತೆ.
ಗಾಯಕ್ಕೆ ಅವನೇ ಎಲ್ಲರಿಗಿಂತ ದೂರ,
ಹೆಚ್ಚು ಹೊತ್ತವನೂ ಅವನೇ.

ಬಾಗದ್ದು ಲೋಕದಲ್ಲಿ ಯಾವುದಿದೆ?
ಬೋಲ್ಟಿನ ಮೈ ಕತ್ತರಿಗೆ ಸಿಕ್ಕು ಜರುಗುತ್ತದೆ,
ಅದರ ನಡು ಬಗ್ಗುತ್ತದೆ,
ಉಕ್ಕಿನ ತೂತು ಚೂರು ನಲುಗುತ್ತದೆ,
ಅಲ್ಯೂಮಿನಿಯಂ ತೂತು ಬಹಳ.
ಬಿಗಿತಗಳನ್ನು ಹಾಗೆಯೇ ಕೂಡಿಸಲು ಬಾರದು.
ಕೂಡುವುದು ಬಳುಕುಗಳು ಮಾತ್ರ;
ಕೂಡಿಸಿ, ಆಮೇಲೆ ತಲೆಕೆಳಗು ಮಾಡಬೇಕು.
‘ಬಳುಕು’ ಎಂದು ಅಂಚಿನಲ್ಲಿ ಕನ್ನಡದಲ್ಲೇ ಗೀಚಿದೆ,
ಇಂಗ್ಲಿಷಿನ ಉದ್ದ ಪದಕ್ಕೆ ಅಲ್ಲಿ ಜಾಗವಿರಲಿಲ್ಲ.

ಸೂತ್ರಗಳು ಮೂರಿವೆ. ಯಾವ ಯಾವ ಕಾಲದಲ್ಲೋ
ತಗಡು ಎಳೆದೆಳೆದು ನೋಡಿದವರು ಬರೆದಿಟ್ಟವು.
ಎರಡೂ ಕಡೆ ಒಂದೇ ಲೋಹವಾದರೆ
ಮೂರೂ ಅಕ್ಕಪಕ್ಕದ ಮನೆಯವರ ಹಾಗೆ.
ಲೋಹ ಬೇರೆಯಾದದ್ದೇ ತಡ,
ಎತ್ತು ಏರಿಗೆ, ಕೋಣ ನೀರಿಗೆ:
ಒಂದು ಮೂವತ್ತೊಂದು ಅಂದಿತು, ಒಂದು ನಲವತ್ತೇಳು,
ಇನ್ನೊಂದು ಅರವತ್ತೆರಡು.
ಸರಾಸರಿ ತೆಗೆಯುವ ಆಸೆಯಾಯಿತು. ನಾಚಿಕೆಯೂ ಆಯಿತು.
ಮೋರೀಯಿಂದ ಪೈಲಟ್ ಪ್ರೆಂಟಿಸ್ ಮೂರನೇ ಸಲ ಫೋನು ಮಾಡಿದ,
“ಹತ್ತಿಗೆ ಹುಳು ಬಿದ್ದಿದೆ, ಯಾವಾಗ ಕೊಡ್ತೀರಿ?”
ಅವನು ಹಾರುವುದು ಗಿಡದಿಂದ ಮೂರೇ ಮೀಟರು ಮೇಲೆ.

ಬುಧವಾರ, ಕಾಂಡೆಲ್ ಪಾರ್ಕಿನ ಲ್ಯಾಬು.
ಅದೇ ತಗಡುಗಳ ತುಂಡು, ಅದೇ ಬೋಲ್ಟು,
ತೂತು ಕೊರೆದವನೂ ಅದೇ ಮುಲ್ಕಾಹಿ.
ಥುಯ್ ಯಂತ್ರದ ದವಡೆ ಬಿಗಿದಳು.
ಗೆರೆ ಮೊದಲು ಸುಮ್ಮನೆ ಮಲಗಿತು.
“ಸಂದು,” ಎಂದಳು, “ಬೋಲ್ಟು ಗೋಡೆ ಹುಡುಕ್ತಾ ಇದೆ.”
ಸಿಕ್ಕಿತು. ಗೆರೆ ಎದ್ದಿತು, ನೇರ, ನೇರ,
ಆಮೇಲೆ ಮೆಲ್ಲಗೆ ಬೆನ್ನು ಬಾಗಿಸಿತು.
ನೇರವಿದ್ದಷ್ಟಕ್ಕೆ ಸ್ಕೇಲು ಹಿಡಿದೆವು: ಮೂವತ್ತೊಂಬತ್ತು.
ಮೂರು ಸೂತ್ರದಲ್ಲಿ ಯಾವುದೂ ಅಲ್ಲ.
“ಇನ್ನೆರಡು ತುಂಡು ಎಳೆಯೋಣ,” ಎಂದಳು ಥುಯ್,
“ಒಂದೇ ಸಲ ಹೇಳಿದ್ದನ್ನ ನಾನು ನಂಬೋದಿಲ್ಲ.”
ನಲವತ್ತೊಂದು. ಮೂವತ್ತೆಂಟು.

ಹೊಸ ಲೆಕ್ಕ: ಮೂವತ್ತೊಂದು, ಹತ್ತೊಂಬತ್ತು,
ಹದಿಮೂರು, ಹದಿನಾಲ್ಕು, ಇಪ್ಪತ್ಮೂರು.
ಕೆಂಪು ಹೋಯಿತು. ಸೊನ್ನೆಯವರೂ ಹೆಗಲು ಕೊಟ್ಟರು.
ಮುಲ್ಕಾಹಿ ಹಾಳೆ ನೋಡಿ, ಕನ್ನಡಕ ಹಣೆಗೇರಿಸಿ,
“ಒಬ್ಬೊಬ್ಬ ಚೂರು ಸಡಿಲ ಬಿಟ್ಟದ್ದಕ್ಕೇ
ಎಲ್ಲರಿಗೂ ಕೆಲಸ ಸಿಕ್ತು ಅನ್ನು,” ಎಂದ.
ಇದರಲ್ಲಿ ಸಂಸಾರದ ನೀತಿ ಹುಡುಕಬೇಡ ಮಾರಾಯ ಎಂದೆ.
ಅವನಿಗೆ ಎರಡು ಸಲ ವಿಚ್ಛೇದನವಾಗಿದೆ. ನಕ್ಕ.

ಶುಕ್ರವಾರ ಹಳದಿ ವಿಮಾನ ಹೋಯಿತು.
ಎಳೆದ ತುಂಡುಗಳಲ್ಲೊಂದು ನನ್ನ ಮೇಜಿನ ಮೇಲಿದೆ,
ಕಾಗದ ಹಾರದಂತೆ.
ಉಕ್ಕಿನ ತೂತು ಇನ್ನೂ ಗುಂಡಗೆ.
ಅಲ್ಯೂಮಿನಿಯಂದು ಮೊಟ್ಟೆಯಾಕಾರ,
ಕಣ್ಣಿಗೆ ಕಾಣುವುದಿಲ್ಲ,
ಕಿರುಬೆರಳು ತೂರಿಸಿ ತಿರುಗಿಸಿದರೆ ಮಾತ್ರ
ಒಂದು ಕಡೆ ತುಸು ಜಾಗ.